ಗಾಳಿ ತಿರುಗಲಿ, ಆಮೇಲೆ ಹೇಳ್ತೀನಿ

ಮೀನುಸಾರಿನ ಪಾತ್ರೆಯನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ವಿಂಕಾ ಎಂದಿನ ಮಾತು ಹೇಳಲು ಬಾಯಿ ತೆರೆದಳು. ಹೊಸಬರು ಯಾರೇ ಬಂದರೂ ಹೇಳುವ ಮಾತು ಅದು: ಚಮಚ ಹಾಕಿ ಕಲಕಬೇಡಿ, ಮೀನು ಒಡೆಯುತ್ತೆ, ಪಾತ್ರೆಯನ್ನೇ ಅಲ್ಲಾಡಿಸಿ.

ಹೇಳಬೇಕಾಗಿ ಬರಲಿಲ್ಲ.

ಮೇಜಿನ ಬಳಿ ಕೂತಿದ್ದ ಮನುಷ್ಯ ಆಗಲೇ ಬಟ್ಟೆ ಮಡಚಿ ಪಾತ್ರೆಯ ಎರಡೂ ಕಿವಿ ಹಿಡಿದಿದ್ದ. ಬಲಕ್ಕೆ ಎರಡು ಸಲ, ಎಡಕ್ಕೆ ಒಂದು ಸಲ... ತೊಟ್ಟಿಲು ತೂಗಿದ ಹಾಗೆ. ಕೊನೆಗೊಂದು ಸಣ್ಣ ಕುಲುಕು.

ಹಾಗೆ ಅಲ್ಲಾಡಿಸುತ್ತಿದ್ದವರು ಈ ದ್ವೀಪದಲ್ಲಿ ಒಬ್ಬರೇ. ವಿಂಕಾಳ ಅಪ್ಪ ಲೋವ್ರೆ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರಿಂದ ಅದನ್ನು ಕಲಿತವರು ಇಬ್ಬರು. ಒಬ್ಬಳು ಇಲ್ಲಿ ನಿಂತಿದ್ದಾಳೆ.

ಇನ್ನೊಬ್ಬ...

ಅವಳ ಕಣ್ಣು ಅವನ ಎಡಗೈ ಮೇಲೆ ಬಿತ್ತು. ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಬಂದರಿನ ಕಟ್ಟೆಗೆ ಕಲ್ಲು ಇಳಿಸುವಾಗ ಜಜ್ಜಿಹೋದ ಬೆರಳು. ಅದಕ್ಕೆ ಮೊದಲ ಬಟ್ಟೆ ಸುತ್ತಿದವಳು ಅವಳೇ, ಇದೇ ಅಡುಗೆಮನೆಯಲ್ಲಿ.

"ಉಪ್ಪು ಸರಿಯಿದೆಯಾ ನೋಡಿ," ಎಂದಳು. ಅದು ತನ್ನದೇ ದನಿ ಎಂದು ಅವಳಿಗೆ ಅನ್ನಿಸಲಿಲ್ಲ.

"ನೋಡದೇ ಹೇಳ್ತೀನಿ, ಒಂದು ಚಿಟಿಕೆ ಜಾಸ್ತಿ ಇರುತ್ತೆ," ಎಂದ ಅವನು, ತಲೆ ಎತ್ತದೆ. "ಯೂಗೊ ಬೀಸುವಾಗ ನಿನ್ನ ಕೈ ಯಾವಾಗ್ಲೂ ಉಪ್ಪಿನ ಕಡೆಗೇ ವಾಲ್ತಿತ್ತು."

ಆಮೇಲೆ ತಲೆ ಎತ್ತಿದ. ಕೂದಲು ಬೂದಿ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಸುತ್ತ ಗೆರೆಗಳು. ಆದರೆ ಆ ಕಣ್ಣು... ಹತ್ತೊಂಬತ್ತು ವರ್ಷ ಎಲ್ಲೋ ಪೆಟ್ಟಿಗೆಯಲ್ಲಿ ಮಡಚಿಟ್ಟು ಈಗ ತೆಗೆದ ಹಾಗಿದ್ದವು.

ಫ್ಲೋರಿಯಾನ್.

ವಿಂಕಾ ತಟ್ಟೆ ತರುವವಳಂತೆ ಒಳಗೆ ಹೋದಳು. ಒಳಗೆ ಹೋಗಿ, ಒಲೆಯ ಮುಂದೆ ನಿಂತು, ಯಾವ ತಟ್ಟೆಯನ್ನೂ ತೆಗೆಯಲಿಲ್ಲ.

ಹೊರಗೆ ಯೂಗೊ ಬೀಸುತ್ತಲೇ ಇತ್ತು. ದಕ್ಷಿಣದಿಂದ ಬರುವ ಬೆಚ್ಚನೆಯ ಒದ್ದೆ ಗಾಳಿ ಅದು. ಬೆಳಿಗ್ಗೆಯೇ ಶುರುವಾಗಿತ್ತು. ಎದುರು ದಡದ ಸ್ಪ್ಲಿತ್ ಪಟ್ಟಣದಿಂದ ಬಂದ ಹಡಗು ಜನರನ್ನು ಇಳಿಸಿ ಆತುರಾತುರವಾಗಿ ತಿರುಗಿಹೋಗಿತ್ತು. ಇನ್ನು ಗಾಳಿ ನಿಲ್ಲುವ ತನಕ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಕಿಟಕಿ ಗಾಜಿನ ಮೇಲೆ ಉಪ್ಪು ಕಟ್ಟಿತ್ತು. ಬೆಂಕಿಪೊಟ್ಟಣ ತೇವ, ಬ್ರೆಡ್ಡು ತೇವ, ಮನುಷ್ಯರ ಮನಸ್ಸೂ ತೇವ.

"ಏ ವಿಂಕಾ, ಮುದ್ದೆ ತರ್ತೀಯೋ, ಇಲ್ಲ ಜೋಳ ಬಿತ್ತೋಕೆ ಹೋದೆಯೋ?"

ಮೂಲೆ ಮೇಜಿನಿಂದ ಕೂಗಿದವರು ಯೆರ್ಕೊ ಮಾಮ. ಎಪ್ಪತ್ತೆಂಟು ವರ್ಷ. ದೋಣಿ ಮಾಡುತ್ತಿದ್ದ ಬಡಗಿ. ಹೆಂಡತಿ ಪೆರೀನಾ ಜೊತೆ ದಿನಾ ಮಧ್ಯಾಹ್ನ ಇಲ್ಲೇ ಊಟ. ಪಕ್ಕದ ಮನೆಯೇ ಅವರದು.

"ಸುಮ್ನೆ ಕೂತ್ಕೊಳ್ಳಿ," ಎಂದರು ಪೆರೀನಾ ಅತ್ತೆ. "ಬೆಳಿಗ್ಗೆಯಿಂದ ನನ್ನ ತಲೆ ತಿಂದಿದ್ದು ಸಾಲಲಿಲ್ವಾ? ಹೊಟ್ಟೆ ತುಂಬಿರಬೇಕಲ್ಲ."

"ನಿನ್ನ ತಲೇಲಿ ಏನಿತ್ತು ತಿನ್ನೋಕೆ?"

ಬೇರೆ ದಿನವಾಗಿದ್ದರೆ ಇದಕ್ಕೆ ಪೆರೀನಾ ಅತ್ತೆ ಎರಡು ದಿನ ಮಾತು ಬಿಡುತ್ತಿದ್ದರು. ಯೂಗೊದಲ್ಲಿ ಹಾಗಿಲ್ಲ. ಈ ಗಾಳಿ ಬೀಸುವಾಗ ಆಡಿದ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ದೋಣಿ ಕೊಳ್ಳುವುದಿಲ್ಲ, ದ್ರಾಕ್ಷಿ ಬಳ್ಳಿ ಕತ್ತರಿಸುವುದಿಲ್ಲ, ಹೆಣ್ಣು ಕೇಳುವುದಿಲ್ಲ. ಹೌದು ಅನ್ನುವುದನ್ನೂ ಇಲ್ಲ ಅನ್ನುವುದನ್ನೂ ಗಾಳಿ ತಿರುಗುವ ತನಕ ತಡೆದಿಡುತ್ತಾರೆ. ಯೂಗೊದಲ್ಲಿ ಬಾಯಿಗೆ ಬಂದದ್ದನ್ನು ಆಮೇಲೆ ಎತ್ತಿ ಕೇಳುವುದಂತೂ ದೊಡ್ಡ ಅಮರ್ಯಾದೆ. ದ್ವೀಪದ ಮಕ್ಕಳು ಇದನ್ನು ಈಜು ಕಲಿತ ಹಾಗೆ, ಯಾರೂ ಹೇಳಿಕೊಡದೆ ಕಲಿತಿರುತ್ತಾರೆ.

ವಿಂಕಾ ಮೆಕ್ಕೆಜೋಳದ ಮುದ್ದೆಯ ತಟ್ಟೆಗಳನ್ನು ಜೋಡಿಸಿದಳು.

'ಯಾಕೆ ಬಂದ? ಈಗ ಯಾಕೆ ಬಂದ...'

*

ಅವನು ಮೊದಲು ಬಂದಾಗ ಅವಳಿಗೆ ಇಪ್ಪತ್ತಾರು.

ಬಂದರಿನ ಹಳೆಯ ಕಲ್ಲುಕಟ್ಟೆ ಅಲೆಯ ಹೊಡೆತಕ್ಕೆ ಕುಸಿದಿತ್ತು. ಅದನ್ನು ಸರಿಮಾಡಲು ಹನ್ನೆರಡು ಜನರ ತಂಡ ಬಂತು. ಏಳು ತಿಂಗಳ ಕೆಲಸ. ಅವರೆಲ್ಲರ ಮಧ್ಯಾಹ್ನದ ಊಟ ಲೋವ್ರೆಯ ಕೊನೋಬಾದಲ್ಲಿ. ಕೊನೋಬಾ ಅಂದರೆ ಮೊದಲು ವೈನ್ ಪೀಪಾಯಿ ಇಡುತ್ತಿದ್ದ ನೆಲಮನೆ. ಲೋವ್ರೆ ಅದರಲ್ಲಿ ಆರು ಮೇಜು ಹಾಕಿ, ಬೆಳಿಗ್ಗೆ ಬಲೆಗೆ ಬಿದ್ದದ್ದನ್ನು ಮಧ್ಯಾಹ್ನ ಬಡಿಸುತ್ತಿದ್ದರು. ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಇದ್ದದ್ದನ್ನು ತಿನ್ನುತ್ತಿದ್ದರು.

ಮೊದಲ ದಿನ ಬ್ರೊದೆತ್. ಮುಳ್ಳುಮೀನು, ಹಾವುಮೀನು, ಈರುಳ್ಳಿ, ಟೊಮೇಟೊ, ಆಲಿವ್ ಎಣ್ಣೆ, ಒಂದಿಷ್ಟು ವಿನೆಗರ್. ಸಣ್ಣ ಉರಿಯಲ್ಲಿ ತಾನಾಗಿ ಬೇಯುವ ಸಾರು. ಲೋವ್ರೆ ಪಾತ್ರೆ ತಂದಿಟ್ಟು ಬೆನ್ನು ತಿರುಗಿಸಿದ್ದರಷ್ಟೆ.

ಉತ್ತರದ ಗುಡ್ಡಗಾಡಿನ ಜಾಗೊರ್ಯೆಯಿಂದ ಬಂದಿದ್ದ ಒಬ್ಬ ಹುಡುಗ ದೊಡ್ಡ ಚಮಚ ತೆಗೆದುಕೊಂಡು, ಹುರುಳಿ ಸಾರು ಕಲಕುವ ಹಾಗೆ ತಳದಿಂದ ಮೇಲಕ್ಕೆ ಗೊಟಗೊಟ ಕಲಕಿಬಿಟ್ಟ.

ಯೆರ್ಕೊ ಮಾಮನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

ಲೋವ್ರೆ ನಿಧಾನವಾಗಿ ತಿರುಗಿದರು. ಪಾತ್ರೆಯೊಳಗೆ ನೋಡಿದರು. ಮೀನು ಹೋಗಿ ಗಂಜಿಯಾಗಿತ್ತು, ಮುಳ್ಳು ತೇಲುತ್ತಿತ್ತು.

"ನಿಮ್ಮೂರಲ್ಲಿ ಸತ್ತವರನ್ನೂ ಹೀಗೇ ಕಲಕ್ತೀರಾ?"

"ತಪ್ಪಾಯ್ತು," ಎಂದ ಹುಡುಗ. ಕಿವಿ ಕೆಂಪಾಗಿತ್ತು. "ನಮ್ಮೂರಲ್ಲಿ ಕಲಕದೇ ಇದ್ರೆ ತಳ ಹಿಡಿಯುತ್ತೆ."

"ನಿಮ್ಮೂರಲ್ಲಿ ಏನು ಸಾಕ್ತೀರಿ?"

"ಹೆಬ್ಬಾತು."

"ಅದಕ್ಕೇ," ಎಂದರು ಯೆರ್ಕೊ ಮಾಮ ಮೂಲೆಯಿಂದ. ಇಡೀ ಕೊನೋಬಾ ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. ತಾನು ಕೆಡಿಸಿದ್ದನ್ನು ತಾನೇ ಬಡಿಸಿಕೊಂಡು, ಒಂದೊಂದೇ ಮುಳ್ಳು ಆರಿಸುತ್ತಾ, ಕೊನೆಯ ತೊಟ್ಟಿನವರೆಗೂ ತಿಂದ. ಎಲ್ಲರೂ ಎದ್ದು ಹೋದ ಮೇಲೂ ತಿನ್ನುತ್ತಲೇ ಇದ್ದ.

ಮೇಜು ಒರೆಸಲು ಬಂದ ವಿಂಕಾ ಎದುರಿಗೆ ನಿಂತಳು.

"ಬಿಡು, ಬೇರೆ ಏನಾದ್ರೂ ಕೊಡ್ತೀನಿ."

"ಬೇಡ. ಚೆನ್ನಾಗಿದೆ." ಒಂದು ಮುಳ್ಳನ್ನು ತಟ್ಟೆಯ ಅಂಚಿಗೆ ಸೇರಿಸಿ ಅವನು ತಲೆ ಎತ್ತಿದ. "ಇಷ್ಟು ನಿಧಾನಕ್ಕೆ ನಾನು ಯಾವತ್ತೂ ಊಟ ಮಾಡಿರ್ಲಿಲ್ಲ."

ಅಲ್ಲಿಂದ ಶುರು.

ಏಳು ತಿಂಗಳಲ್ಲಿ ಅವನು ಪಾತ್ರೆ ಅಲ್ಲಾಡಿಸುವುದು ಕಲಿತ. ಲೋವ್ರೆಯೇ ಹಿಂದೆ ನಿಂತು, ಅವನ ಕೈ ಮೇಲೆ ಕೈಯಿಟ್ಟು ಕಲಿಸಿದರು. ಮೀನಿನ ಹೆಸರು ಕಲಿತ. ಕೆಲಸ ಮುಗಿದ ಮೇಲೆ ಕಲ್ಲು ಮೆಟ್ಟಿಲಿನ ಮೇಲೆ ವಿಂಕಾಳ ಪಕ್ಕ ಕೂತು ಮೀನಿನ ಪೊರೆ ಕೆರೆಯುತ್ತಿದ್ದ. ಅವನ ಮಾತು ಕಮ್ಮಿ. ಅವಳದು ಜಾಸ್ತಿ. ಇಬ್ಬರ ತೋಳಿನ ಮೇಲೂ ಮೀನಿನ ಪೊರೆ ಮಿನುಗುತ್ತಿತ್ತು. ಅಷ್ಟೇ... ಆದರೆ ಈಗ ನೆನೆದರೂ ವಿಂಕಾಳಿಗೆ ಆ ಮೆಟ್ಟಿಲಿನ ಬಿಸುಪು ತೊಡೆಗೆ ತಾಗುತ್ತದೆ.

ನವೆಂಬರಿನಲ್ಲಿ ಕಟ್ಟೆಯ ಕೆಲಸ ಮುಗಿಯಿತು. ಹೊರಡುವ ವಾರವೇ ಯೂಗೊ ಹಿಡಿದುಕೊಂಡಿತು. ಐದು ದಿನ ಹಡಗಿಲ್ಲ. ಮೂರನೆಯ ದಿನ ಮಧ್ಯಾಹ್ನ, ಕೊನೋಬಾ ಖಾಲಿಯಿದ್ದಾಗ, ಫ್ಲೋರಿಯಾನ್ ಪೂರ್ತಿ ನೆನೆದು ಬಂದು ಒಲೆಯ ಮುಂದೆ ನಿಂತ.

"ನಾನು ಇಲ್ಲೇ ಉಳಿದುಕೊಳ್ಳಲಾ, ವಿಂಕಾ? ನಿನ್ನ ಜೊತೆ? ಮದುವೆಯಾಗಿ?"

ಇಷ್ಟೂ ತಿಂಗಳಲ್ಲಿ ಅವನು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು.

ಹೌದು ಅನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊರಗೆ ಯೂಗೊ ಬಾಗಿಲು ಗುದ್ದುತ್ತಿತ್ತು. ಇಷ್ಟು ದೊಡ್ಡ ಮಾತಿಗೆ ಈ ಗಾಳಿಯಲ್ಲಿ ಉತ್ತರ ಕೊಟ್ಟು, ನಾಳೆ ಯಾರಾದರೂ ಇದು ಯೂಗೊದ ಮದುವೆ ಅಂದರೆ? ಅದನ್ನು ಸ್ವಚ್ಛವಾದ ದಿನಕ್ಕೆ ಎತ್ತಿಡಬೇಕು ಅನ್ನಿಸಿತು ಅವಳಿಗೆ.

"ಇವತ್ತು ಬೇಡ, ಫ್ಲೋರಿಯಾನ್," ಎಂದಳು. ತನ್ನ ಕಣ್ಣಲ್ಲೇ ಎಲ್ಲ ಇದೆ ಎಂದು ನಂಬಿದ್ದಳು. "ಯೂಗೊ ಬೀಸ್ತಿದೆ. ಗಾಳಿ ತಿರುಗಲಿ, ಆಮೇಲೆ ಹೇಳ್ತೀನಿ."

ಅವನು ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೊರಟುಹೋದ.

ಎರಡು ದಿನದ ನಂತರ, ಬೆಳಗಿನ ಜಾವ, ಉತ್ತರದಿಂದ ಬೂರಾ ಬೀಸಿತು. ತಣ್ಣನೆಯ ಒಣ ಗಾಳಿ, ಕನ್ನಡಿ ಒರೆಸಿದಂಥ ಆಕಾಶ. ವಿಂಕಾ ನೀಲಿ ರವಿಕೆ ಹಾಕಿಕೊಂಡಳು. ಬ್ರೊದೆತ್ ಒಲೆಗೇರಿಸಿದಳು. ಕಾದಳು.

ಹಡಗಿನ ಕೂಗು ಕೇಳಿ ಬಾಗಿಲಿಗೆ ಬಂದಾಗ, ಕಟ್ಟೆ ತಂಡದ ಹನ್ನೆರಡೂ ಜನ ಹಡಗಿನಲ್ಲಿದ್ದರು. ಹಿಂಬದಿಯ ಕಟಕಟೆ ಹಿಡಿದು ಅವನೂ ನಿಂತಿದ್ದ. ತಿರುಗಿ ನೋಡಲಿಲ್ಲ.

'ಓ... ಯೂಗೊದ ಮಾತು ಅದು,' ಎಂದುಕೊಂಡಳು ವಿಂಕಾ. 'ಗಾಳಿ ಹೋಯ್ತು, ಮಾತೂ ಹೋಯ್ತು.'

ಯೂಗೊದ ಮಾತನ್ನು ಎತ್ತಿ ಕೇಳುವುದು ಅಮರ್ಯಾದೆ. ಅವಳು ಕಾಗದ ಬರೆಯಲಿಲ್ಲ. ಕೇಳಲಿಲ್ಲ. ಆ ದಿನ ಬ್ರೊದೆತ್ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು.

*

"ಮುದ್ದೆ ತಣ್ಣಗಾಗಿದೆ," ಎಂದ ಫ್ಲೋರಿಯಾನ್, ಅವಳು ಕೊನೆಗೂ ತಟ್ಟೆ ತಂದಿಟ್ಟಾಗ. ದೂರಿನ ದನಿಯಲ್ಲ. ಸುಮ್ಮನೆ ಏನಾದರೂ ಹೇಳಬೇಕಿತ್ತು ಅವನಿಗೆ.

"ತಣ್ಣಗಾಗುತ್ತೆ. ಹತ್ತೊಂಬತ್ತು ವರ್ಷ ಆಯ್ತಲ್ಲ."

ಮೂಲೆ ಮೇಜಿನಲ್ಲಿ ಪೆರೀನಾ ಅತ್ತೆ ಗಂಡನ ತೋಳು ತಿವಿದರು. "ಯಾರು ನೋಡ್ರೀ ಅದು. ಹೆಬ್ಬಾತಿನವನು."

"ಯಾವ ಹೆಬ್ಬಾತು? ಇವತ್ತು ಹೆಬ್ಬಾತು ಮಾಡಿದ್ದಾಳಾ?"

ವಿಂಕಾ ಹೊರಡಲಿದ್ದಳು. ಅವನು ಮೆಲ್ಲಗೆ ಹೇಳಿದ:

"ಹೋದ ಅಕ್ಟೋಬರಿನಲ್ಲಿ ಒಂದು ಸೇತುವೆ ಕೆಲಸದಲ್ಲಿದ್ದೆ. ಕ್ರೇನ್ ನಡೆಸೋ ಮುದುಕ ಒಬ್ಬ, ನಿಮ್ಮ ಕಡೆಯವನೇ, ಯಾವುದೋ ದ್ವೀಪದವನು. ಒಂದು ಕಾಗದಕ್ಕೆ ಸಹಿ ಹಾಕಪ್ಪ ಅಂದ್ರೆ, ಇವತ್ತು ಆಗಲ್ಲ, ಯೂಗೊ ಬೀಸ್ತಿದೆ, ಗಾಳಿ ತಿರುಗಲಿ ಆಮೇಲೆ ಹೇಳ್ತೀನಿ ಅಂದ. ನಾನು ಕೇಳ್ದೆ, ಅಂದ್ರೆ ನಿಂಗೆ ಇಷ್ಟ ಇಲ್ಲ ಅಂತಾನಾ? ಅವನು ನನ್ನನ್ನ ದಡ್ಡನ್ನ ನೋಡೋ ಹಾಗೆ ನೋಡಿದ. ಇಷ್ಟ ಇಲ್ಲದಿದ್ರೆ ಇಲ್ಲ ಅಂತಿದ್ದೆ ಕಣಯ್ಯಾ, ಇಷ್ಟ ಇದೆ, ಅದಕ್ಕೇ ಒಳ್ಳೆ ಗಾಳಿಗೆ ಕಾಯ್ತಿದ್ದೀನಿ ಅಂದ."

ಅವನು ಮುದ್ದೆಯ ಒಂದು ತುಂಡು ಮುರಿದ. ಬಾಯಿಗೆ ಹಾಕಿಕೊಳ್ಳಲಿಲ್ಲ.

"ನಾನು ಅಲ್ಲೇ ಕಲ್ಲಿನ ರಾಶಿ ಮೇಲೆ ಕೂತುಬಿಟ್ಟೆ, ವಿಂಕಾ. ಆ ಮುದುಕ ಎದೆನೋವು ಬಂತೇನೋ ಅಂತ ನೀರು ತಂದ."

ವಿಂಕಾ ಮೇಜಿನ ಅಂಚು ಹಿಡಿದುಕೊಂಡಳು.

"ನೀನು ಆವತ್ತು... ಏನಂದ್ಕೊಂಡೆ?"

"ನಮ್ಮ ಕಡೆ ಹೆಣ್ಣು ಕೇಳೋಕೆ ಹೋದಾಗ ಮನೆಯವರು ಒಪ್ಪದಿದ್ರೆ ಬಾಯಿಬಿಟ್ಟು ಬೇಡ ಅನ್ನಲ್ಲ. ಮಳೆ, ಗಾಳಿ, ಮಂಜು ಅಂತ ಮಾತು ತಿರುಗಿಸ್ತಾರೆ. ಹುಡುಗ ಅರ್ಥ ಮಾಡ್ಕೊಂಡು ಟೋಪಿ ಹಾಕ್ಕೊಂಡು ಎದ್ದುಬರಬೇಕು." ಅವನು ನಗಲು ನೋಡಿದ. "ನಾನು ನನ್ನ ಜೀವನ ನಿನ್ನ ಮುಂದಿಟ್ಟೆ. ನೀನು ಗಾಳಿ ಮಾತಾಡ್ದೆ. ಟೋಪಿ ಹಾಕ್ಕೊಂಡೆ."

ಗಾಳಿ ಕಿಟಕಿಯನ್ನು ಅಲುಗಿಸಿತು. ವಿಂಕಾಳ ಕಣ್ಣು ಉರಿಯಿತು. ಇಷ್ಟೇನಾ? ಹತ್ತೊಂಬತ್ತು ವರ್ಷ... ಇಷ್ಟಕ್ಕೇನಾ?

"ನಾನು ಇವತ್ತು ಏನೂ ಕೇಳಲ್ಲ," ಎಂದ ಅವನು. "ಈಗ ನಂಗೂ ಗೊತ್ತು. ಗಾಳಿ ತಿರುಗಲಿ."

"ಕೇಳಬೇಡ," ಎಂದಳು ವಿಂಕಾ.

ತಿರುಗಿ ಒಳಗೆ ಹೋದಳು. ಈ ಸಲ ನಿಜವಾಗಿಯೂ ಉಪ್ಪಿನ ಡಬ್ಬಿ ಕೈಜಾರಿ ಬಿತ್ತು.

*

ಅವನು ಪೆರೀನಾ ಅತ್ತೆಯ ಮಹಡಿ ಕೋಣೆಯಲ್ಲಿ ಉಳಿದುಕೊಂಡ. ದಿನಾ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ.

ಯೂಗೊದಲ್ಲಿ ದೋಣಿಗಳು ಹೊರಡುವುದಿಲ್ಲ. ಎರಡನೆಯ ದಿನ ಕೊನೋಬಾದಲ್ಲಿ ಉಪ್ಪು ಹಾಕಿದ ಬೂತಾಯಿ, ಹಸಿ ಈರುಳ್ಳಿ, ಹಿಂದಿನ ದಿನದ ಬ್ರೆಡ್ಡು. ಯೆರ್ಕೊ ಮಾಮ ಅವನನ್ನು ತಮ್ಮ ಮೇಜಿಗೇ ಕರೆದರು.

"ಹೆಬ್ಬಾತು ಹೇಗಿವೆಯಯ್ಯಾ?"

"ತೀರಿಕೊಂಡವು, ಮಾಮ."

"ಎಲ್ಲವೂ?"

"ಹತ್ತೊಂಬತ್ತು ವರ್ಷ ಯಾವ ಹೆಬ್ಬಾತು ಬದುಕುತ್ತೆ?"

"ಇವಳು ಬದುಕಿಲ್ವಾ?" ಎಂದು ಮಾಮ ಹೆಂಡತಿಯ ಕಡೆ ಗದ್ದ ಆಡಿಸಿದರು. ಪೆರೀನಾ ಅತ್ತೆ ಅವರ ತಟ್ಟೆಯಿಂದ ಒಂದು ಬೂತಾಯಿ ಎತ್ತಿಕೊಂಡರು. ಶಿಕ್ಷೆ ಅಷ್ಟಕ್ಕೇ ಮುಗಿಯಿತು.

ವಿಂಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವನ ನಗು ಸ್ವಲ್ಪ ಒರಟಾಗಿತ್ತು. ಮದುವೆಯಾಗಿತ್ತಂತೆ. ಐದು ವರ್ಷ. "ಒಳ್ಳೆಯವಳೇ," ಎನ್ನುತ್ತಿದ್ದ ಪೆರೀನಾ ಅತ್ತೆಗೆ. "ನಾನೇ ಮನೇಲಿ ಇರ್ತಿರ್ಲಿಲ್ಲ. ಇದ್ದಾಗ್ಲೂ ಇರ್ತಿರ್ಲಿಲ್ಲ. ಅವಳಿಗೆ ಗೊತ್ತಾಯ್ತು. ಬೇರೆಯಾದ್ವಿ."

ವಿಂಕಾ ಯಾರಿಗೂ ಕಾದವಳಲ್ಲ. ಹಾಗೆಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಅಂಚೆಯ ಮನುಷ್ಯ ಕೇಳಿದ್ದ, ಸ್ಪ್ಲಿತ್‌ನ ಒಬ್ಬ ಮೇಷ್ಟ್ರು ಕೇಳಿದ್ದ. ಒಳ್ಳೆಯ ಗಾಳಿಯಲ್ಲೇ ಕೇಳಿದ್ದರು. ಅವಳು ಒಳ್ಳೆಯ ಗಾಳಿಯಲ್ಲೇ ಬೇಡ ಅಂದಿದ್ದಳು. ಆಮೇಲೆ ಅಮ್ಮ ಹೋದಳು, ಅಪ್ಪ ಹೋದರು. ದಿನಾ ಮೀನು ಬಂತು, ದಿನಾ ಜನ ಬಂದರು, ನಲವತ್ತೈದು ಬಂತು.

'ಗಾಳಿ ತಿರುಗಿದಾಗ ಇವನು ಮತ್ತೆ ಹಡಗು ಹತ್ತಿದರೆ?'

ಒಂದು ಸಲ ಕಟಕಟೆ ಹಿಡಿದ ಆ ಬೆನ್ನನ್ನು ನೋಡಿ ಬದುಕಿದ್ದಳು. ಎರಡನೆಯ ಸಲ ನೋಡುವ ಶಕ್ತಿ ಈ ವಯಸ್ಸಿಗೆ ಇರಲಿಲ್ಲ.

ಮೂರನೆಯ ದಿನ ಕಡಲೆಕಾಳು ಮತ್ತು ಒಣಗಿಸಿದ ಅಷ್ಟಪಾದಿ. ಮಾಮ ಅತ್ತೆ ಬೇಗ ಉಂಡು ಎದ್ದರು. ಮೇಜಿನಲ್ಲಿ ಅವನೊಬ್ಬನೇ ಉಳಿದ. ವಿಂಕಾ ತಟ್ಟೆ ಎತ್ತಲು ಬಂದಳು. ತಟ್ಟೆ ಎತ್ತಲಿಲ್ಲ.

"ನಾನು ಈಗ ಆಡೋದು ಯೂಗೊದ ಮಾತು," ಎಂದಳು. "ಲೆಕ್ಕಕ್ಕಿಲ್ಲ. ನೀನು ಆಮೇಲೆ ಎತ್ತೋ ಹಾಗಿಲ್ಲ."

"ಇಲ್ಲ."

"ನೀನು ದಡ್ಡ."

"ಹೂಂ."

"ಕಣ್ಣಿದ್ದೂ ಕುರುಡ. ಏಳು ತಿಂಗಳು ಪಕ್ಕದಲ್ಲಿ ಕೂತು ಮೀನು ಕೆರೆದವನಿಗೆ ನನ್ನ ಮುಖ ಓದೋಕೆ ಬರ್ಲಿಲ್ವಾ? ಒಂದು ಮಾತು ತಿರುಗಿ ಕೇಳೋಕೆ ಏನಾಗಿತ್ತು ನಿಂಗೆ? ನಾನು ನೀಲಿ ರವಿಕೆ ಹಾಕ್ಕೊಂಡಿದ್ದೆ ಆವತ್ತು. ಸಾರು ಮಾಡಿದ್ದೆ..."

ಅವಳ ದನಿ ಒಡೆಯಿತು. ಅವನು ಏಳಲಿಲ್ಲ, ಕೈ ಹಿಡಿಯಲಿಲ್ಲ. ಸುಮ್ಮನೆ ಕೂತು ಕೇಳಿಸಿಕೊಂಡ.

"ಅಪ್ಪ ಸಾಯೋ ಮುಂಚೆ ಕೇಳಿದ್ರು, ಆ ಹೆಬ್ಬಾತಿನವನಿಗೆ ನೀನು ಏನಂದೆ ಅಂತ. ನಾನು ಏನೂ ಅನ್ನಲಿಲ್ಲ ಅಂದೆ. ಅದೇ ನಿಜ ಅಂತ ಈಗ ಗೊತ್ತಾಗ್ತಿದೆ. ನಾನೂ ದಡ್ಡಿ. ಒಂದು ಕಾಗದ ಬರೆದಿದ್ರೆ... ಊರಿನ ಮರ್ಯಾದೆ ಹಿಡ್ಕೊಂಡು ಕೂತೆ. ನಿನ್ನನ್ನ ಕಂಡ್ರೆ ಆಗಲ್ಲ ನಂಗೆ. ಕೇಳಿಸ್ತಾ? ಒಂಚೂರೂ ಆಗಲ್ಲ."

"ಇದೆಲ್ಲ ಲೆಕ್ಕಕ್ಕಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಇನ್ನೂ ಹೇಳು," ಎಂದ ಫ್ಲೋರಿಯಾನ್. ಅವನ ಕಣ್ಣು ತುಂಬಿತ್ತು. "ಹತ್ತೊಂಬತ್ತು ವರ್ಷದ್ದು ಇಷ್ಟು ಬೇಗ ಮುಗಿಯುತ್ತಾ?"

ವಿಂಕಾ ಅವನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಹೇಳಿದಳು. ಕಡಲೆಕಾಳಿನ ಪಾತ್ರೆ ತಣ್ಣಗಾಗುವ ತನಕ ಹೇಳಿದಳು.

*

ನಾಲ್ಕನೆಯ ದಿನ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಮೌನಕ್ಕೆ. ಆಮೇಲೆ ಉತ್ತರದ ಕಿಟಕಿ ಒಮ್ಮೆ ಬಡಿಯಿತು. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

ಬೂರಾ.

ಎದುರಿನ ದ್ವೀಪದ ಒಂದೊಂದು ಮರವೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಮರೆಯ ಕೊಲ್ಲಿಯಲ್ಲಿ ಬಲೆ ಹಾಕಿದ್ದವರು ಆಗಲೇ ಮೀನು ತಂದು ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ಎರಡು ಮುಳ್ಳುಮೀನು, ಒಂದು ಹಾವುಮೀನು. ವಿಂಕಾ ಈರುಳ್ಳಿ ಹೆಚ್ಚಿದಳು. ಎಣ್ಣೆ ಹಾಕಿದಳು. ನೀಲಿ ರವಿಕೆ ಯಾವತ್ತೋ ಒರೆಸುವ ಬಟ್ಟೆಯಾಗಿ ಹರಿದುಹೋಗಿತ್ತು. ಬೂದು ಸ್ವೆಟರ್ ಮೇಲೆ ಏಪ್ರನ್ ಕಟ್ಟಿಕೊಂಡಳು.

ಪಾತ್ರೆ ಕುದಿ ಹಿಡಿಯುವ ಹೊತ್ತಿಗೆ ಯೆರ್ಕೊ ಮಾಮ ಬಾಗಿಲಲ್ಲಿ ಕಾಣಿಸಿಕೊಂಡರು. ಮುಖ ಗಂಭೀರವಾಗಿತ್ತು.

"ಹಡಗು ಬಂದಿದೆ ವಿಂಕಾ."

"ಬರ್ಲಿ."

"ಅವನು ಚೀಲ ಹಿಡ್ಕೊಂಡು ಕಟ್ಟೆ ಕಡೆ ಹೋದ. ದೊಡ್ಡ ಚೀಲ."

ಈರುಳ್ಳಿಯ ಚಾಕು ಮಣೆಯ ಮೇಲೆ ನಿಂತಿತು.

ಅದೇ ಬೆಳಗು. ಅದೇ ಗಾಳಿ. ಅದೇ ಒಲೆಯ ಮೇಲೆ ಅದೇ ಸಾರು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಈ ಬಾಗಿಲಲ್ಲೇ ನಿಂತು, ಅವನು ಬರಲಿ ಎಂದು ಕಾದಿದ್ದಳು...

"ಮಾಮ, ಪಾತ್ರೆ ನೋಡ್ಕೊಳ್ಳಿ. ಆಗಾಗ ಅಲ್ಲಾಡಿಸಿ."

"ನಾನಾ? ಏ ನಂಗೆ ಕೈನೋವು... ವಿಂಕಾ..."

ಅವಳು ಆಗಲೇ ಹೊರಗಿದ್ದಳು.

ಬೂರಾ ಬೆನ್ನಿಗೆ ಬಡಿದು ಅವಳನ್ನು ಕಟ್ಟೆಯ ಕಡೆ ತಳ್ಳಿತು. ಏಪ್ರನ್ ಪಟಪಟ ಹಾರುತ್ತಿತ್ತು. ಅವನು ಕಟ್ಟಿದ ಕಲ್ಲುಗಳ ಮೇಲೆಯೇ ಅವಳು ಓಡಿದಳು. ಹಡಗಿನ ಬಾಯಿ ತೆರೆದಿತ್ತು. ಜನ ಹತ್ತುತ್ತಿದ್ದರು. ಫ್ಲೋರಿಯಾನ್ ಬೆನ್ನು ಹಾಕಿ ನಿಂತಿದ್ದ. ಅದೇ ಬೆನ್ನು.

"ಬೂರಾ ಬೀಸ್ತಿದೆ," ಎಂದಳು ವಿಂಕಾ, ಏದುಸಿರು ಬಿಡುತ್ತಾ.

ಅವನು ತಿರುಗಿದ. ಅವಳ ಏಪ್ರನ್, ಈರುಳ್ಳಿಗೆ ಕೆಂಪಾದ ಕಣ್ಣು, ಕಾಲಿನ ಹಳೆ ಚಪ್ಪಲಿ, ಎಲ್ಲ ನೋಡಿದ.

"ಹೌದು," ಎಂದ. "ಅದಕ್ಕೇ..."

"ತಡಿ. ನಾನು ಮೊದಲು ಹೇಳ್ತೀನಿ. ನನ್ನ ಉತ್ತರ, ಹೌದು."

"ನಾನಿನ್ನೂ ಕೇಳೇ ಇಲ್ಲ ವಿಂಕಾ."

"ನೀನು ಕೇಳಿ ಹತ್ತೊಂಬತ್ತು ವರ್ಷ ಆಯ್ತು. ಗಾಳಿ ತಿರುಗಲಿ, ಆಮೇಲೆ ಹೇಳ್ತೀನಿ ಅಂದಿದ್ದೆ. ತಿರುಗಿದೆ. ಹೇಳ್ತಿದ್ದೀನಿ. ಈಗ ಹೋಗೋದಿದ್ರೆ ಹೋಗು. ಕೇಳಿಸ್ಕೊಂಡು ಹೋಗು."

ಫ್ಲೋರಿಯಾನ್ ಹಡಗಿನ ಒಳಗೆ ನಿಂತಿದ್ದ ಖಲಾಸಿಯ ಕಡೆ ಕೈ ತೋರಿಸಿದ. ಆ ದೊಡ್ಡ ಚೀಲ ಖಲಾಸಿಯ ಕೈಯಲ್ಲಿತ್ತು.

"ಪೆರೀನಾ ಅತ್ತೆ ಸ್ಪ್ಲಿತ್‌ನಲ್ಲಿರೋ ಮಗಳಿಗೆ ಎಣ್ಣೆ, ಒಣ ಅಂಜೂರ ಕಳಿಸಿದ್ದಾರೆ. ಹಡಗಿಗೆ ಕೊಟ್ಟು ಬಾ ಅಂದ್ರು."

ವಿಂಕಾ ಅವನನ್ನು ನೋಡಿದಳು. ಚೀಲವನ್ನು ನೋಡಿದಳು. ಮತ್ತೆ ಅವನನ್ನು.

"ನಿನ್ನ ಚೀಲ?"

"ಮಹಡಿ ಮೇಲೆ. ಬಿಚ್ಚಿಟ್ಟಿದ್ದೀನಿ. ಅಂಗಿ ಬದಲಾಯಿಸಿ ಮಧ್ಯಾಹ್ನ ಬರೋಣ ಅಂತಿದ್ದೆ... ಬಂದು ಸರಿಯಾಗಿ ಕೇಳೋಣ ಅಂತ."

"ಬಿಚ್ಚಿಟ್ಟಿದ್ದೀಯಾ?"

"ಮೊದಲ ದಿನವೇ."

ಅವಳು ನಗಲು ಹೋದಳು. ಅಳು ಬಂತು. ಅವನು ತನ್ನ ಕೋಟು ತೆಗೆದು ಅವಳ ಹೆಗಲಿಗೆ ಹೊದಿಸಿದ. ಆ ಅರ್ಧ ಬೆರಳಿನ ಕೈ ಅವಳ ಕೆನ್ನೆಯ ಮೇಲೆ ಬಂದು ನಿಂತಿತು. ಹಡಗು ಕೂಗಿ ಹೊರಟಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.

*

ಕೊನೋಬಾದ ಬಾಗಿಲು ತಲುಪುವ ಮೊದಲೇ ಪೆರೀನಾ ಅತ್ತೆಯ ದನಿ ಕೇಳಿಸಿತು.

"ಎಪ್ಪತ್ತೆಂಟು ವರ್ಷ ಈ ದ್ವೀಪದ ಅನ್ನ ತಿಂದಿದ್ದೀರಿ. ಚಮಚ ಹಾಕ್ತಾರೇನ್ರೀ?"

"ತಳ ಹಿಡೀತಿತ್ತು ಕಣೇ. ಅಲ್ಲಾಡಿಸೋಕೆ ನನ್ನ ಭುಜ ಬರ್ಬೇಕಲ್ಲ. ಕಲಕಿದೆ. ಏನೀಗ?"

"ಲೋವ್ರೆ ಇದ್ದಿದ್ರೆ ನಿಮ್ಮನ್ನೇ ಸಮುದ್ರಕ್ಕೆ ಎಸೀತಿದ್ದ."

ವಿಂಕಾ ಪಾತ್ರೆಯೊಳಗೆ ಬಗ್ಗಿ ನೋಡಿದಳು. ಮೀನು ಹೋಗಿ ಗಂಜಿಯಾಗಿತ್ತು. ಮುಳ್ಳು ತೇಲುತ್ತಿತ್ತು.

ಯೆರ್ಕೊ ಮಾಮ ತಪ್ಪಿತಸ್ಥನ ಮುಖ ಮಾಡಿಕೊಂಡು ಚಮಚವನ್ನು ಬೆನ್ನ ಹಿಂದೆ ಅಡಗಿಸಿದರು. ಆಮೇಲೆ ಅವಳ ಹೆಗಲ ಮೇಲಿನ ಕೋಟನ್ನು ಕಂಡರು. ಚಮಚ ಮೇಜಿನ ಮೇಲಿಟ್ಟರು.

"ಹೋಗ್ಲಿಲ್ವೇನಯ್ಯಾ ನೀನು?"

"ಇಲ್ಲ ಮಾಮ."

"ಸರಿ ಹಾಗಾದ್ರೆ," ಎಂದರು ಮಾಮ. "ನಾಳೆಯಿಂದ ಪಾತ್ರೆ ನೀನೇ ನೋಡ್ಕೋ. ನನ್ನ ಕೈಲಾಗಲ್ಲ."

ನಾಲ್ವರೂ ಒಂದೇ ಮೇಜಿಗೆ ಕೂತರು. ಉತ್ತರದ ಬೆಳಕು ನೀರು ಬೆರೆಸಿದ ವೈನ್ ಲೋಟಗಳ ಮೂಲಕ ಹಾದು ಮೇಜಿನ ಮೇಲೆ ಕೆಂಪಗೆ ಬಿದ್ದಿತ್ತು. ಫ್ಲೋರಿಯಾನ್ ತಾನೇ ಬಡಿಸಿಕೊಂಡ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಉಪ್ಪು ಸರಿಯಿದೆಯಾ?" ಎಂದಳು ವಿಂಕಾ.

"ಇದೇ ಅದು. ಮೊದಲನೇ ದಿನದ್ದು. ಮತ್ತೆಲ್ಲೂ ಸಿಗ್ಲಿಲ್ಲ ನಂಗೆ."

ಅವನು ಒಂದು ಮುಳ್ಳು ಆರಿಸಿ ತಟ್ಟೆಯ ಅಂಚಿಗಿಟ್ಟ. ಇನ್ನೊಂದು. ಮತ್ತೊಂದು.

"ಮುಳ್ಳಿದೆ, ನಿಧಾನಕ್ಕೆ ತಿನ್ನು," ಎಂದಳು.

"ನಿಧಾನಕ್ಕೇ ತಿಂತೀನಿ," ಎಂದ ಫ್ಲೋರಿಯಾನ್. ಮೇಜಿನ ಕೆಳಗೆ ಅವನ ಕೈ ಅವಳ ಕೈಯನ್ನು ಹುಡುಕಿಕೊಂಡಿತು. "ಹಡಗು ಹೋಯ್ತಲ್ಲ."